ಮಾರ್ಗವಿದ್ದರೆ ಮನಸ್ಸು

ಬಸವಕಲ್ಯಾಣ, ಹುಮನಾಬಾದ್ ಕಡೆಯ ಯಾವ ಸಭೆಗೆ ಹೋದರೂ ಒಂದು ಉಪದೇಶ ತಪ್ಪುವುದಿಲ್ಲ. ಬಸವ ಜಯಂತಿಯ ವೇದಿಕೆಯಾಗಲಿ, ಕಾಲೇಜಿನ ಬೀಳ್ಕೊಡುಗೆಯಾಗಲಿ, ಸ್ವಸಹಾಯ ಸಂಘದ ವಾರ್ಷಿಕ ಸಭೆಯಾಗಲಿ, ಮಾತಿಗೆ ನಿಂತವರು ಕೊನೆಗೆ ಬಂದು ಸೇರುವುದು ‘ಮನಸ್ಸಿದ್ದರೆ ಮಾರ್ಗ’ ಎಂಬ ಗಾದೆಗೆ. ಮನೆಗೆ ಬಂದರೆ ಮೊಬೈಲಿನಲ್ಲೂ ಅದೇ ಪಾಠ: ನಸುಕಿನಲ್ಲಿ ಏಳಿ, ಒಂದೇ ಗುರಿ ಹಿಡಿಯಿರಿ, ಉಳಿದದ್ದನ್ನೆಲ್ಲ ಬದಿಗಿಡಿ, ಉತ್ಸಾಹ ಆರದಂತೆ ನೋಡಿಕೊಳ್ಳಿ. ಕೇಳಲು ಹಿತವಾದ ಮಾತು. ಆದರೆ ಅದರ ಹೊಟ್ಟೆಯಲ್ಲಿ ಒಂದು ತೀರ್ಪು ಅಡಗಿದೆ. ಹಿಡಿದ ಕೆಲಸ ಮುಗಿಯದಿದ್ದರೆ ಕೊರತೆ ಇರುವುದು ಹಿಡಿದವರ ಮನಸ್ಸಿನಲ್ಲಿ ಎಂಬುದೇ ಆ ತೀರ್ಪು. ಅದು ತಪ್ಪು, ಅನ್ಯಾಯ ಕೂಡ. ಎಂಟು ಶತಮಾನಗಳ ಹಿಂದೆ ಇದೇ ಕಲ್ಯಾಣದಲ್ಲಿ ದುಡಿಯುತ್ತ ನುಡಿದವರ ಬದುಕು ಅದರ ವಿರುದ್ಧ ಸಾಕ್ಷಿ ಹೇಳುತ್ತದೆ.

ಈ ತೀರ್ಪಿಗೆ ಗುರಿಯಾಗುವವರು ಯಾರು? ನಮ್ಮ ಊರುಗಳಲ್ಲಿ ವರ್ಷಗಟ್ಟಲೆ ನಡೆಯುವ ಕೆಲಸ ಹಿಡಿದವರು ಬಹಳ ಮಂದಿ. ಪಾಠ, ಮೌಲ್ಯಮಾಪನ, ಚುನಾವಣೆಯ ಡ್ಯೂಟಿಗಳ ನಡುವೆ ಕಾದಂಬರಿ ಬರೆಯುತ್ತಿರುವ ಶಿಕ್ಷಕಿಯರಿದ್ದಾರೆ. ತಾಯಿಯ ಬಾಯಿಂದ ಕೇಳಿದ ಬೀಸುವ ಪದಗಳನ್ನು ನೋಟ್‌ಬುಕ್ಕಿಗೆ ಇಳಿಸುತ್ತಿರುವ ಗುಮಾಸ್ತರಿದ್ದಾರೆ. ಇಂಥವರ ಮನೆಗಳಲ್ಲಿಯೇ ನೆಲಮಹಡಿ ಮುಗಿದು, ಮೇಲಿನ ಅಂತಸ್ತಿಗೆಂದು ಬಿಟ್ಟ ಕಾಲಂ ಸರಳುಗಳು ತುಕ್ಕು ಹಿಡಿಯುತ್ತಿರುತ್ತವೆ. ಮಗಳ ಬಾಣಂತನಕ್ಕೆಂದು ಹಳೆಯ ಸೀರೆಗಳನ್ನು ಪದರ ಪದರವಾಗಿ ಜೋಡಿಸಿ ಹೊಲಿಯತೊಡಗಿದ ಕೌದಿ ಅರ್ಧಕ್ಕೆ ಸುತ್ತಿಟ್ಟಿರುತ್ತದೆ. ಕಂಡವರು ಕೇಳುತ್ತಾರೆ: ‘ಎಲ್ಲಿಗಿ ಬಂತ್ರಿ ಅಕ್ಕೋರೆ ನಿಮ್ಮ ಕಾದಂಬರಿ? ಮನಸ್ಸ ಮಾಡಬೇಕ್ರಿ, ಮನಸ್ಸ ಮಾಡಿದರ ಏನ ಆಗಂಗಿಲ್ಲ?’ ಕೇಳಿದವರ ಮಟ್ಟಿಗೆ ಅದು ಪ್ರೋತ್ಸಾಹ. ಕೇಳಿಸಿಕೊಂಡವರ ಮಟ್ಟಿಗೆ ಅದು ಆಪಾದನೆ. ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಎಂದ ಹಿರಿಯರಿಗೆ ಇಂಥ ಕೆಲಸದ ಭಾರ ಗೊತ್ತಿತ್ತು. ನಾವು ಆ ಗಾದೆಯನ್ನು ಮರೆತು ಇನ್ನೊಂದನ್ನು ಹಿಡಿದುಕೊಂಡಿದ್ದೇವೆ.

ಖಂಡಿಸುವ ಮೊದಲು ಎದುರು ಪಕ್ಷದ ಬಲವನ್ನು ಸರಿಯಾಗಿ ಮುಂದಿಡಬೇಕು. ಅವರ ವಾದಕ್ಕೆ ನಾಲ್ಕು ಕಂಬಗಳಿವೆ. ಒಂದು, ಕಾದಂಬರಿ ಬರೆಯದಿದ್ದರೆ ಯಾರ ಸಂಬಳವೂ ನಿಲ್ಲುವುದಿಲ್ಲ, ಕೌದಿ ಮುಗಿಯದಿದ್ದರೆ ಯಾರೂ ನೋಟಿಸು ಕೊಡುವುದಿಲ್ಲ. ಹೊರಗಿನ ಒತ್ತಾಯ ಇಲ್ಲದ ಕಡೆ ಒಳಗಿನ ಉತ್ಸಾಹವೇ ಕೆಲಸ ನಡೆಸಬೇಕು, ಆದ್ದರಿಂದ ಉತ್ಸಾಹ ಮೊದಲು. ಎರಡು, ಹಲವು ಕೆಲಸ ಹಿಡಿದವರು ಯಾವುದನ್ನೂ ಮುಗಿಸುವುದಿಲ್ಲ, ಆದ್ದರಿಂದ ಒಂದೇ ಗುರಿ ಸಾಕು. ಮೂರು, ಮನೆ ಎಳೆದಷ್ಟೂ ಕಲೆ ಸೊರಗುತ್ತದೆ, ದೊಡ್ಡ ಸಾಧಕರೆಲ್ಲ ಮನೆ ಮರೆತವರೇ. ನಾಲ್ಕು, ನಡುವೆ ಕೈಬಿಟ್ಟವರು ಸೋತವರು. ಇವುಗಳಲ್ಲಿ ಮೊದಲನೆಯದರಲ್ಲಿ ಮಾತ್ರ ಒಂದು ಸತ್ಯದ ಎಳೆ ಇದೆ: ಇಂಥ ಕೆಲಸಕ್ಕೆ ಹೊರಗಿನ ಒತ್ತಾಯ ಇಂದು ನಿಜಕ್ಕೂ ಇಲ್ಲ. ಆದರೆ ಇಲ್ಲದಿರುವುದು ಸಹಜವೇ, ಅಥವಾ ಹಿಂದೆ ಇದ್ದುದನ್ನು ನಾವೇ ಕಳೆದುಕೊಂಡೆವೇ? ಈ ಪ್ರಶ್ನೆಯನ್ನು ಅವರು ಕೇಳುವುದಿಲ್ಲ.

ಮೊದಲಿಗೆ ಅವರ ಇಬ್ಬಗೆಯ ಅಳತೆಯನ್ನು ನೋಡೋಣ. ಬಸವಕಲ್ಯಾಣದ ಹೊಸ ಅನುಭವ ಮಂಟಪಕ್ಕೆ ಶಂಕುಸ್ಥಾಪನೆಯಾದದ್ದು 2021ರ ಜನವರಿ 6ರಂದು. ಅಂಥ ಕಟ್ಟಡ ಏಳಲು ವರ್ಷಗಳೇ ಬೇಕು ಎಂದು ಒಪ್ಪಿಕೊಂಡೆವು. ಹುಮನಾಬಾದ್ ಮೂಲಕ ಹಾದುಹೋಗುವ ಬೀದರ–ಕಲಬುರಗಿ ರೈಲು ಮಾರ್ಗ ಸುಮಾರು 110 ಕಿಲೋಮೀಟರಿನದು. ಎರಡು ದಶಕಗಳ ಎಳೆದಾಟದ ನಂತರ 2017ರ ಅಕ್ಟೋಬರ್ 29ರಂದು ಅದರ ಉದ್ಘಾಟನೆಯಾಯಿತು. ತಡವಾದಷ್ಟು ದಿನ ನಾವು ಕೇಳಿದ್ದೇನು? ಅನುದಾನ ಬಂತೇ, ಭೂಸ್ವಾಧೀನ ಮುಗಿಯಿತೇ, ಸುರಂಗದ ಕೆಲಸ ಎಲ್ಲಿಗೆ ಬಂತು, ಗುತ್ತಿಗೆದಾರರು ಯಾರು ಎಂದು ಕೇಳಿದೆವು. ರೈಲ್ವೆ ಇಲಾಖೆಗೆ ಛಲವಿಲ್ಲ, ನಸುಕಿನಲ್ಲಿ ಎದ್ದಿದ್ದರೆ ಹಳಿ ಮುಗಿಯುತ್ತಿತ್ತು ಎಂದು ಯಾರೂ ಭಾಷಣ ಮಾಡಲಿಲ್ಲ. ಸರ್ಕಾರದ ಕೆಲಸ ನಿಂತಾಗ ಸಾಧನಗಳನ್ನು ಲೆಕ್ಕ ಹಾಕುವ ನಾವು, ಒಬ್ಬ ಶಿಕ್ಷಕಿಯ ಕಾದಂಬರಿ ನಿಂತಾಗ ಅವಳ ಮನಸ್ಸನ್ನು ಲೆಕ್ಕ ಹಾಕುತ್ತೇವೆ. ಅವಳ ಸಮಯದ ಅನುದಾನ ಯಾರು ಕಿತ್ತುಕೊಂಡರು, ಅವಳ ಮೇಜಿನ ಜಾಗವನ್ನು ಯಾರು ಸ್ವಾಧೀನ ಮಾಡಿಕೊಂಡರು ಎಂಬ ವಿಚಾರಣೆಯೇ ನಡೆಯುವುದಿಲ್ಲ.

ಉಪದೇಶಕರು ತಮ್ಮ ಪರವಾಗಿ ಕರೆಯುವ ದೊಡ್ಡ ಸಾಕ್ಷಿಗಳು ಶರಣರು. ‘ಕಾಯಕವೇ ಕೈಲಾಸ’ ಎಂಬ ಪ್ರಸಿದ್ಧ ನುಡಿ ಈಗ ಕಚೇರಿಯ ಗೋಡೆಯಿಂದ ಹಿಡಿದು ಸರಕು ಲಾರಿಯ ಹಿಂಬದಿಯವರೆಗೆ ಎಲ್ಲೆಡೆ ಇದೆ. ಅದಕ್ಕೆ ಕೊಡುವ ಅರ್ಥ ಮಾತ್ರ ಒಂದೇ: ಇನ್ನೂ ಹೆಚ್ಚು ದುಡಿ, ಗೊಣಗಬೇಡ. ಇದು ಶರಣರಿಗೆ ಮಾಡುವ ದೊಡ್ಡ ಅಪಚಾರ. ಮಡಿವಾಳ ಮಾಚಯ್ಯ ಬಟ್ಟೆ ಒಗೆದ. ನುಲಿಯ ಚಂದಯ್ಯ ಹಗ್ಗ ಹೊಸೆದ. ಅಂಬಿಗರ ಚೌಡಯ್ಯ ದೋಣಿ ನಡೆಸಿದ. ಕದಿರ ರೆಮ್ಮವ್ವೆ ನೂಲು ತೆಗೆದಳು. ಮೋಳಿಗೆಯ ಮಾರಯ್ಯ ಕಟ್ಟಿಗೆಯ ಹೊರೆ ಮಾರಿದ. ಆಯ್ದಕ್ಕಿ ಮಾರಯ್ಯ, ಲಕ್ಕಮ್ಮ ದಂಪತಿ ಚೆಲ್ಲಿದ ಅಕ್ಕಿ ಆಯ್ದು ಬದುಕಿದರು. ಇವರೆಲ್ಲರೂ ವಚನಗಳನ್ನು ನುಡಿದರು. ನೋಡಿರಿ, ಮನಸ್ಸಿದ್ದುದರಿಂದ ಎಷ್ಟು ಕಷ್ಟದಲ್ಲೂ ಸಾಧಿಸಿದರು ಎನ್ನುತ್ತಾರೆ ಉಪದೇಶಕರು. ಹೇಗೆ ಸಾಧಿಸಿದರು ಎಂದು ಅವರು ನೋಡುವುದಿಲ್ಲ. ನೋಡಿದರೆ ಅವರ ನಾಲ್ಕೂ ಕಂಬಗಳು ಉರುಳುತ್ತವೆ.

ಮೊದಲ ಸಾಕ್ಷಿಯಾಗಿ ವಚನದ ರೂಪವನ್ನೇ ತೆಗೆದುಕೊಳ್ಳಿ. ಅದು ಚಿಕ್ಕದು, ಕೆಲವೇ ಸಾಲುಗಳದು. ಕೊನೆಗೆ ಅಂಕಿತ ಬಿದ್ದರೆ ಅದು ಮುಗಿದ ಕೃತಿ. ಅಗಸನಿಗೆ ಹಳ್ಳದ ದಂಡೆಯಲ್ಲಿ, ಅಂಬಿಗನಿಗೆ ಎರಡು ದಡಗಳ ನಡುವೆ, ನೂಲುವವಳಿಗೆ ರಾಟಿಯ ಮುಂದೆ ಕೂತಾಗ ಸಿಗುವ ಹೊತ್ತಿನಲ್ಲಿ ಅದನ್ನು ಮನಸ್ಸಿನಲ್ಲೇ ಕಟ್ಟಬಹುದು, ನೆನಪಿನಲ್ಲಿಟ್ಟು ಸಂಜೆ ಹೇಳಬಹುದು. ನಾಳೆ ಹೊಲಕ್ಕೆ ಹೋಗಬೇಕಾಗಿ ಬಂದರೂ, ಮಗುವಿಗೆ ಜ್ವರ ಬಂದರೂ, ಇಂದಿನದು ಅರ್ಧಕ್ಕೆ ಉಳಿಯುವುದಿಲ್ಲ. ಹೀಗೆ ಒಂದೊಂದಾಗಿ ಮುಗಿದವೇ ಸೇರಿ ದೊಡ್ಡ ರಾಶಿಯಾದವು. ಕರ್ನಾಟಕ ಸರ್ಕಾರ 1993ರಲ್ಲಿ ಸಮಗ್ರ ವಚನ ಸಂಪುಟಗಳನ್ನು ತಂದಾಗ 15 ಸಂಪುಟಗಳು ಬೇಕಾದವು. ಕಳೆದುಹೋದವನ್ನು ಬಿಟ್ಟು ಉಳಿದವೇ ಇಪ್ಪತ್ತು ಸಾವಿರಕ್ಕೆ ಮೇಲ್ಪಟ್ಟಿವೆ. ಹದಿನೈದು ಸಂಪುಟ ಬರೆಯುವ ಗುರಿ ಇಟ್ಟುಕೊಂಡು ಕೂತವರು ಅವರಲ್ಲಿ ಒಬ್ಬರೂ ಇಲ್ಲ. ದೊಡ್ಡ ಗುರಿಯನ್ನು ಕಣ್ಣ ಮುಂದೆ ನೇತುಹಾಕಿಕೊಂಡು ಅದರ ಉತ್ಸಾಹದಿಂದ ನಡೆಯಿರಿ ಎಂಬ ಇಂದಿನ ಸಲಹೆ ಇಲ್ಲಿ ಸುಳ್ಳಾಗುತ್ತದೆ. ಅಂದಂದಿನದು ಅಂದಂದಿಗೆ ಮುಗಿಯುವಂತೆ ಕೆಲಸದ ರೂಪವನ್ನೇ ಬದುಕಿಗೆ ಒಗ್ಗಿಸಿಕೊಂಡದ್ದು ಕಲ್ಯಾಣದ ಜಾಣ್ಮೆ. ಮುನ್ನೂರು ಪುಟದ ಕಾದಂಬರಿಯ ಮುಂದೆ ಕಂಗಾಲಾದವರಿಗೆ ಉತ್ಸಾಹದ ಭಾಷಣ ಬೇಕಿಲ್ಲ. ಈ ಸಂಜೆ ಒಂದು ಪ್ರಸಂಗವನ್ನು ಮುಗಿಸಿ ತಾರೀಖು ಹಾಕಿ ಏಳುವ ಪದ್ಧತಿ ಬೇಕು.

ಎರಡನೆಯ ಸಾಕ್ಷಿ ಲಕ್ಕಮ್ಮ. ಮಾರಯ್ಯ ಒಂದು ದಿನ ಎಂದಿಗಿಂತ ಹೆಚ್ಚು ಅಕ್ಕಿ ಆಯ್ದು ತಂದಾಗ, ಆ ದಿನಕ್ಕೆ ಬೇಕಾದಷ್ಟನ್ನು ಮಾತ್ರ ಇಟ್ಟುಕೊಂಡು ಉಳಿದದ್ದನ್ನು ತಂದಲ್ಲೇ ಸುರಿದು ಬಾ ಎಂದು ಅವಳು ಹಿಂದಕ್ಕೆ ಕಳಿಸಿದ ಕಥೆ ನಮ್ಮ ಕಡೆ ಎಲ್ಲರಿಗೂ ಗೊತ್ತು. ಅದನ್ನು ಆಸೆ ಬಿಡುವ ನೀತಿಕಥೆಯೆಂದು ಹೇಳಿ ಮುಗಿಸುತ್ತೇವೆ. ಅದರಲ್ಲಿ ದುಡಿಮೆಯ ಅಳತೆಯೂ ಇದೆ. ಇವತ್ತಿಗೆ ಇಷ್ಟು ಸಾಕು ಎಂದು ನಿಲ್ಲಿಸಬಲ್ಲವಳು ನಾಳೆಯೂ ಆಯಲು ಹೋಗಬಲ್ಲಳು. ಇನ್ನೊಂದು ಸಂದರ್ಭದಲ್ಲಿ, ಅನುಭಾವದ ಮಾತಿನಲ್ಲಿ ಮೈಮರೆತ ಗಂಡನಿಗೆ ನಿನ್ನ ಕಾಯಕ ನಿಂತಿದೆ, ಏಳು ಎಂದು ಎಚ್ಚರಿಸಿದವಳೂ ಅವಳೇ. ಹೆಚ್ಚಾದ ದುಡಿಮೆಯನ್ನೂ ತಡೆದಳು, ಹೆಚ್ಚಾದ ಗೋಷ್ಠಿಯನ್ನೂ ತಡೆದಳು. ಮನೆಯೂ ನುಡಿಯೂ ಒಂದನ್ನೊಂದು ನುಂಗದಂತೆ ಕಾಯುವ ಅಳತೆಗಾರ್ತಿ ಲಕ್ಕಮ್ಮ. ಈಗಿನ ಉಪದೇಶದಲ್ಲಿ ಈ ಅಳತೆ ಇಲ್ಲವೇ ಇಲ್ಲ. ಉತ್ಸಾಹ ಬಂದ ದಿನ ರಾತ್ರಿಯಿಡೀ ಕೂತು ಬರೆಯಿರಿ ಎನ್ನುತ್ತದೆ ಅದು. ಮರುದಿನ ಬೆನ್ನು ನೋವು, ಅಡುಗೆ ಮನೆಯಲ್ಲಿ ಸಿಡುಕು, ಶಾಲೆಯಲ್ಲಿ ತೂಕಡಿಕೆ. ಅದರ ಮರುದಿನ ನೋಟ್‌ಬುಕ್ ಕಂಡರೆ ಭಯ. ಆಗ ಉತ್ಸಾಹ ಆರಿತು ಎಂಬ ಆಪಾದನೆ ಮತ್ತೆ ಅವಳ ತಲೆಗೇ.

ಮೂರನೆಯದು ಬಸವಕಲ್ಯಾಣದ ತ್ರಿಪುರಾಂತಕ ಕೆರೆಯ ಕಡೆ ಗವಿ ತೋರಿಸಿ ಜನ ಇಂದಿಗೂ ನೆನೆಯುವ ನುಲಿಯ ಚಂದಯ್ಯನ ಕಥೆ. ಹುಲ್ಲು ಕೊಯ್ಯುವಾಗ ಮೈಮೇಲಿನ ಲಿಂಗ ನೀರಿಗೆ ಜಾರಿದರೂ ಚಂದಯ್ಯ ಕೆಲಸ ನಿಲ್ಲಿಸಲಿಲ್ಲವಂತೆ. ಹೊರೆ ಹೊತ್ತು ನಡೆದ. ಲಿಂಗವೇ ಅವನ ಬೆನ್ನು ಹತ್ತಿ ಬಂತು. ಅವನು ಒಪ್ಪಲೊಲ್ಲ. ಕೊನೆಗೆ ಮಡಿವಾಳ ಮಾಚಯ್ಯ ನಡುವೆ ನಿಂತು ಮಾತನಾಡಬೇಕಾಯಿತು. ಸ್ಫೂರ್ತಿ ಬಂದ ಮೇಲೆ ಕೆಲಸ ಮಾಡುತ್ತೇನೆ ಎನ್ನುವವರು ಈ ಕಥೆಯನ್ನು ಮತ್ತೆ ಓದಬೇಕು. ಅತಿ ಪವಿತ್ರವಾದದ್ದೂ ಇಲ್ಲಿ ಕೆಲಸದ ಹಿಂದೆ ನಡೆದು ಬರುತ್ತದೆ. ಬರೆಯುವವರ ಅನುಭವವೂ ಇದೇ. ನೋಟ್‌ಬುಕ್ ತೆರೆದು ನಿನ್ನೆಯ ಪುಟ ಓದಿ ಒಂದು ಸಾಲು ತಿದ್ದಿದ ಮೇಲೆ ಮನಸ್ಸು ಕೂಡುತ್ತದೆ, ತೆರೆಯುವ ಮೊದಲೇ ಕೂಡುವುದು ಅಪರೂಪ. ಕೌದಿ ಹೊಲಿಯುವ ಅವ್ವಂದಿರು ಸೂಜಿಗೆ ದಾರ ಪೋಣಿಸಿಯೇ ಸುತ್ತಿಡುವುದು ಇದಕ್ಕೇ. ಮರುದಿನ ಕೂತ ಕೂಡಲೇ ಮೊದಲ ಹೊಲಿಗೆ ಬಿದ್ದರೆ ಉಳಿದದ್ದಕ್ಕೆ ಒತ್ತಾಯ ಬೇಕಾಗುವುದಿಲ್ಲ.

ನಾಲ್ಕನೆಯದು, ಎಲ್ಲಕ್ಕಿಂತ ಮುಖ್ಯವಾದದ್ದು, ಜೊತೆ. ಶೂನ್ಯಸಂಪಾದನೆಗಳು ಚಿತ್ರಿಸುವ ಅನುಭವ ಮಂಟಪ ಹೇಗಿತ್ತು, ಎಲ್ಲಿತ್ತು ಎಂಬ ಚರ್ಚೆ ವಿದ್ವಾಂಸರದು. ಕಟ್ಟಡ ಹೇಗೇ ಇರಲಿ, ಕೂಟ ಇತ್ತು ಎನ್ನಲು ವಚನಗಳೇ ಸಾಕು. ಶರಣರು ಅಲ್ಲಿ ಒಬ್ಬರನ್ನೊಬ್ಬರು ಹೆಸರು ಹಿಡಿದು ನೆನೆಯುತ್ತಾರೆ, ಪ್ರಶ್ನಿಸುತ್ತಾರೆ, ಒಪ್ಪುತ್ತಾರೆ, ಜಗಳವಾಡುತ್ತಾರೆ. ಇಂದು ಕಟ್ಟಿದ ಮಾತನ್ನು ಸಂಜೆ ಕೇಳುವವರಿದ್ದಾರೆ, ಕೇಳಿ ಸುಮ್ಮನಿರುವವರಲ್ಲ ಎಂಬ ಭರವಸೆ ಅಲ್ಲಿ ಇತ್ತು. ಇದೇ ನಾವು ಕಳೆದುಕೊಂಡ ಹೊರಗಿನ ಒತ್ತಾಯ. ಪ್ರೀತಿಯ ಒತ್ತಾಯ ಅದು. ಕೇಳುವವರಿಲ್ಲದೆ ಹತ್ತು ವರ್ಷ ಒಂಟಿಯಾಗಿ ಬರೆಯುವವರ ಉತ್ಸಾಹ ಕುಂದಿದರೆ ಅದು ಅವರ ದೋಷವೇ? ಕಾಯುವವರೇ ಇಲ್ಲದ ಮನೆಗೆ ಬೇಗ ಹೋಗಬೇಕೆಂದು ಯಾರಿಗೂ ಅನ್ನಿಸುವುದಿಲ್ಲ.

ಹುಮನಾಬಾದಿನ ಪಕ್ಕದ ಮಾಣಿಕನಗರವೂ ಇದನ್ನೇ ಹೇಳುತ್ತದೆ. ಬಸವಕಲ್ಯಾಣದ ಬಳಿಯ ಲಾಡವಂತಿಯಲ್ಲಿ 1817ರಲ್ಲಿ ಹುಟ್ಟಿ, 1865ರಲ್ಲಿ ಮಾಣಿಕನಗರದಲ್ಲಿ ಸಮಾಧಿಯಾದ ಮಾಣಿಕಪ್ರಭುಗಳು ಮರಾಠಿ, ಕನ್ನಡ, ಹಿಂದಿಗಳಲ್ಲಿ ಪದಗಳನ್ನು ಕಟ್ಟಿದರು. ಆ ಪದಗಳು ಇಂದಿಗೂ ಬದುಕಿರುವುದು ಭಜನೆಯ ಹೊತ್ತು ಎಂಬುದೊಂದು ಇರುವುದರಿಂದ, ದತ್ತ ಜಯಂತಿಗೆ ಹಾಡುಗಾರರು ಬಂದು ಸೇರುವುದರಿಂದ. ಹಾಡುವ ಹೊತ್ತು ನಿಗದಿಯಾಗಿದ್ದರೆ ಹಾಡು ತಾನಾಗಿ ಹುಟ್ಟುತ್ತದೆ, ಉಳಿಯುತ್ತದೆ. ಹುಮನಾಬಾದ್ ತಾಲ್ಲೂಕಿನದೇ ಜಲಸಂಗ್ವಿಗೆ ಹೋಗಿ ಕಲ್ಯಾಣ ಚಾಳುಕ್ಯರ ಕಾಲದ ದೇಗುಲದ ಗೋಡೆಯನ್ನೂ ನೋಡಿ. ಆರನೆಯ ವಿಕ್ರಮಾದಿತ್ಯನ ಹೊಗಳಿಕೆಯನ್ನು ಶಾಸನವಾಗಿ ಕೆತ್ತುತ್ತಿರುವ ಶಿಲಾಬಾಲಿಕೆ ಅಲ್ಲಿ ನಿಂತಿದ್ದಾಳೆ. ಸುತ್ತಲೂ ಸಾಲು ಸಾಲಾಗಿ ಅವಳ ಜೊತೆಯವರಿದ್ದಾರೆ. ಆ ಸಾಲನ್ನು ಒಬ್ಬ ಶಿಲ್ಪಿಯ ಆವೇಶ ಒಂದೇ ಏಟಿಗೆ ನಿಲ್ಲಿಸಿತು ಎಂದು ಯಾರು ನಂಬುತ್ತಾರೆ? ಕಲ್ಲು ತಂದವರು, ಒರಟು ಕೆತ್ತಿದವರು, ಉಳಿ ಹರಿತ ಮಾಡಿದವರು, ಅನ್ನ ಬೇಯಿಸಿದವರು, ಕೂಲಿ ಕೊಟ್ಟವರು ಎಲ್ಲರ ಏರ್ಪಾಡು ಆ ಬೆರಳುಗಳ ನಯದಲ್ಲಿದೆ.

ಇಲ್ಲಿ ಉಪದೇಶಕರು ಒಂಟಿ ವೀರರ ಹೆಸರು ಎತ್ತುತ್ತಾರೆ. ವಚನಗಳನ್ನು ನಮಗೆ ಉಳಿಸಿಕೊಟ್ಟ ಫ. ಗು. ಹಳಕಟ್ಟಿಯವರನ್ನು (1880–1964) ನೋಡಿರಿ, ಮನೆ ಮಾರಿ ಮುದ್ರಣಾಲಯ ಕಟ್ಟಿದರು, ಒಂದೇ ಗುರಿ ಹಿಡಿದರು ಎನ್ನುತ್ತಾರೆ. ಅವರ ತ್ಯಾಗಕ್ಕೆ ತಲೆಬಾಗೋಣ. ಆದರೆ ಒಂದೇ ಗುರಿ ಎಂಬುದು ನಿಜವಲ್ಲ. ವಿಜಯಪುರದಲ್ಲಿ ವಕೀಲಿ ಮಾಡುತ್ತಲೇ 1910ರಲ್ಲಿ ಬಿ.ಎಲ್.ಡಿ.ಇ. ಸಂಸ್ಥೆ, 1912ರಲ್ಲಿ ಸಿದ್ಧೇಶ್ವರ ಸಹಕಾರಿ ಬ್ಯಾಂಕು ಕಟ್ಟಿದವರು ಅವರು. ‘ವಚನಶಾಸ್ತ್ರಸಾರ’ದ ಮೊದಲ ಭಾಗ ಬಂದದ್ದು 1923ರಲ್ಲಿ, ಅವರ ನಲವತ್ತರ ನಂತರ. 1926ರಲ್ಲಿ ‘ಶಿವಾನುಭವ’ ಪತ್ರಿಕೆ ಆರಂಭಿಸಿದರು. ಪತ್ರಿಕೆ ಎಂದರೇನು? ಸಂಚಿಕೆಗೊಮ್ಮೆ ಓದುಗರಿಗೆ ಕೊಟ್ಟ ಮಾತು. ತಾಳೆಗರಿಗಳ ರಾಶಿಯ ಮುಂದೆ ಕೂತವರನ್ನು ಸಂಚಿಕೆಯಿಂದ ಸಂಚಿಕೆಗೆ ನಡೆಸಿದ್ದರಲ್ಲಿ ಆ ಮಾತಿನ ಪಾಲು ದೊಡ್ಡದು. ಇನ್ನು ಮನೆ ಮಾರಿದ್ದು: ಅದನ್ನು ಸಾಧಕನ ಲಕ್ಷಣವೆಂದು ಮಕ್ಕಳಿಗೆ ಹೇಳುವುದನ್ನು ನಿಲ್ಲಿಸಬೇಕು. ಅವರ ಕೆಲಸಕ್ಕೆ ಕನ್ನಡ ಸಮಾಜ ಹೊತ್ತಿಗೆ ಹಣ ಕೂಡಿಸಿಕೊಡಲಿಲ್ಲ ಎಂಬುದರ ಗುರುತು ಅದು. ನಮ್ಮ ನಾಚಿಕೆಯನ್ನು ಅವರ ಕಿರೀಟವೆಂದು ಹೊಗಳಿದರೆ ನಾಳೆಯ ಹಳಕಟ್ಟಿಯೂ ಮನೆ ಮಾರಬೇಕಾಗುತ್ತದೆ.

ಇನ್ನೊಬ್ಬರು ಜಯದೇವಿತಾಯಿ ಲಿಗಾಡೆ. 1912ರಲ್ಲಿ ಸೊಲ್ಲಾಪುರದಲ್ಲಿ ಹುಟ್ಟಿ, ಮರಾಠಿಯಲ್ಲಿ ಓದಿ, ಎಳೆಯ ವಯಸ್ಸಿನಲ್ಲೇ ಮದುವೆಯಾಗಿ, ಸಂಸಾರ ನಡೆಸುತ್ತ ಕನ್ನಡವನ್ನು ಗಟ್ಟಿ ಮಾಡಿಕೊಂಡವರು. ಗಡಿನಾಡಿನಲ್ಲಿ ಕನ್ನಡದ ಕೆಲಸ, ವಚನಗಳ ಮರಾಠಿ ಅನುವಾದ, ಸಭೆ, ಸಂಘಟನೆ ಎಲ್ಲದರ ನಡುವೆ ಸಾವಿರಾರು ತ್ರಿಪದಿಗಳ ‘ಶ್ರೀ ಸಿದ್ಧರಾಮ ಪುರಾಣ’ ಬರೆದರು. 1974ರಲ್ಲಿ ಮಂಡ್ಯದಲ್ಲಿ ಕನ್ನಡ ಸಾಹಿತ್ಯ ಸಮ್ಮೇಳನದ ಮೊದಲ ಮಹಿಳಾ ಅಧ್ಯಕ್ಷರಾದರು. ಕೊನೆಯ ವರ್ಷಗಳನ್ನು ಬಸವಕಲ್ಯಾಣದಲ್ಲೇ ಕಳೆದರು. ಮನೆ ಕಲೆಯ ಶತ್ರು ಎನ್ನುವವರು ಅವರು ಆರಿಸಿಕೊಂಡ ತ್ರಿಪದಿಯನ್ನು ಗಮನಿಸಬೇಕು. ಬೀಸುವ ಕಲ್ಲಿನ ಮುಂದೆ ಕೂತ ಹೆಂಗಸರು ನಸುಕಿನಲ್ಲಿ ಜೋಳ ಬೀಸುತ್ತ ಹಾಡಿ ಉಳಿಸಿದ ಛಂದಸ್ಸು ಅದು. ಕಲ್ಲು ತಿರುಗುವ ಲಯದಲ್ಲಿ ಪದ, ಪದದ ಬಲದಲ್ಲಿ ಕಲ್ಲು. ಮನೆಗೆಲಸದೊಳಗೇ ಬೆಳೆದ ರೂಪದಲ್ಲಿ ಒಂದು ಮಹಾಕಾವ್ಯ ನಿಂತಿತು. ಆದರೆ ಜಯದೇವಿತಾಯಿಯವರ ಹೆಸರನ್ನೇ ಕೋಲು ಮಾಡಿ ಬಡ ಶಿಕ್ಷಕಿಯ ಬೆನ್ನಿಗೆ ಬಾರಿಸುವುದು ಸಲ್ಲದು. ಅವರದು ಸೊಲ್ಲಾಪುರದ ಸಿರಿವಂತ ಮನೆತನ, ಸುತ್ತಲೂ ಒಂದು ಚಳವಳಿಯ ಬಳಗ. ಅವರ ಪ್ರತಿಭೆಗೆ ಇವು ಕುಂದಲ್ಲ. ಪ್ರತಿಭೆಗೆ ನೆಲೆ ಬೇಕು ಎಂಬುದಕ್ಕೆ ಇವು ಪುರಾವೆ.

ಕಲ್ಯಾಣದ ಅರಸ ಮೂರನೆಯ ಸೋಮೇಶ್ವರನನ್ನೂ ಕೆಲವರು ಎದುರಿಗೆ ತರಬಹುದು. ರಾಜ್ಯಭಾರ ಹೊತ್ತುಕೊಂಡೇ 12ನೇ ಶತಮಾನದ ಮೊದಲರ್ಧದಲ್ಲಿ ‘ಮಾನಸೋಲ್ಲಾಸ’ದಂಥ ವಿಶ್ವಕೋಶ ರಚಿಸಿದ. ಐದು ವಿಂಶತಿಗಳು, ಒಂದೊಂದರಲ್ಲಿ ಇಪ್ಪತ್ತು ಅಧ್ಯಾಯ, ಒಟ್ಟು ನೂರು. ಅವನಿಗಿಂತ ಹೆಚ್ಚು ಕೆಲಸವೇ ನಿಮಗೆ ಎಂದು ಕೇಳಬಹುದು. ಉತ್ತರ ಆ ಗ್ರಂಥದಲ್ಲೇ ಇದೆ. ಅರಸನ ಊಟದ ಬಗೆಬಗೆಯ ಅಡುಗೆಯನ್ನು ಅದು ವ್ಯಂಜನ ವ್ಯಂಜನವಾಗಿ ವರ್ಣಿಸುತ್ತದೆ. ಬೇಯಿಸಿದವರು, ಬಡಿಸಿದವರು, ತೊಳೆದವರು ಬೇರೆ. ಸೋಮೇಶ್ವರನ ಮನಸ್ಸು ದೊಡ್ಡದಿದ್ದೀತು, ಅವನ ಅಡುಗೆಮನೆ ಇನ್ನೂ ದೊಡ್ಡದಿತ್ತು. ಅರಸನ ಗ್ರಂಥ ನೂರು ಅಧ್ಯಾಯವಾಯಿತು, ಅಕ್ಕಿ ಆಯುವವಳ ನುಡಿ ಕೆಲವೇ ಸಾಲಾಯಿತು. ಇಬ್ಬರೂ ತಮ್ಮ ತಮ್ಮ ಹೊತ್ತಿನ ಅಳತೆಗೆ ಕೃತಿ ಕಟ್ಟಿದರು.

ಇಂದಿನ ಅಡುಗೆಮನೆಯ ಲೆಕ್ಕ ಕೈಯಲ್ಲೇ ಇದೆ. ರಾಷ್ಟ್ರೀಯ ಸಾಂಖ್ಯಿಕ ಕಚೇರಿ 2019ರಲ್ಲಿ ನಡೆಸಿದ ಸಮಯ ಬಳಕೆ ಸಮೀಕ್ಷೆಯ ಪ್ರಕಾರ ದೇಶದಲ್ಲಿ ಸಂಬಳವಿಲ್ಲದ ಮನೆಗೆಲಸದಲ್ಲಿ ಕೈಹಾಕುವ ಹೆಂಗಸರು ದಿನಕ್ಕೆ ಸರಾಸರಿ 299 ನಿಮಿಷ ಅದಕ್ಕೆ ಕೊಡುತ್ತಾರೆ, ಗಂಡಸರು 97 ನಿಮಿಷ. ಅದೂ ಕೈಹಾಕುವ ಗಂಡಸರ ಮಾತು. ಹೆಂಗಸರಲ್ಲಿ ನೂರಕ್ಕೆ 81 ಮಂದಿ ಈ ಕೆಲಸ ಮಾಡಿದರೆ ಗಂಡಸರಲ್ಲಿ ಮಾಡುವವರು 26 ಮಂದಿ. ದಿನಕ್ಕೆ ಐದು ತಾಸು ರೊಟ್ಟಿ ಬಡಿದು, ಪಾತ್ರೆ ತಿಕ್ಕಿ, ನೀರು ತುಂಬಿ, ನೆಲ ಒರೆಸಿದವಳಿಗೆ ‘ಮನಸ್ಸ ಮಾಡಬೇಕ್ರಿ’ ಎನ್ನುವ ಬಾಯಿಗೆ ಈ ಅಂಕಿಗಳನ್ನು ತೋರಿಸಬೇಕು. ಶರಣರ ಮನೆಗಳು ಇಲ್ಲಿಯೂ ನಮ್ಮನ್ನು ನಾಚಿಸುತ್ತವೆ. ಆಯ್ದಕ್ಕಿ ಮಾರಯ್ಯ ನುಡಿದರೆ ಲಕ್ಕಮ್ಮನೂ ನುಡಿದಳು. ಮೋಳಿಗೆಯ ಮಾರಯ್ಯನ ಜೊತೆ ಮಹಾದೇವಿಯ ವಚನಗಳಿವೆ, ಹಡಪದ ಅಪ್ಪಣ್ಣನ ಜೊತೆ ಲಿಂಗಮ್ಮನ ವಚನಗಳಿವೆ. ವಚನ ಬರೆದ ಹೆಂಗಸರು ಮೂವತ್ತಕ್ಕೂ ಹೆಚ್ಚು. ಗಂಡ ಹೆಂಡತಿ ಇಬ್ಬರಿಗೂ ಕಾಯಕ, ಇಬ್ಬರಿಗೂ ನುಡಿ ಎಂದು ಒಪ್ಪಿದ ಮನೆಗಳಿಂದ ಇಂಥ ದಂಪತಿಗಳ ವಚನಗಳು ಬಂದವು. ಕಲೆಗೆ ಮನೆ ಶತ್ರುವಲ್ಲ. ಭಾರವನ್ನೆಲ್ಲ ಒಬ್ಬರ ಹೆಗಲಿಗೆ ಹೊರಿಸಿದ ಮನೆ ಶತ್ರು.

ಉಳಿದದ್ದು ನಾಲ್ಕನೆಯ ಕಂಬ: ನಡುವೆ ಬಿಟ್ಟವರು ಸೋತವರು. ನಮ್ಮ ಕಡೆಯ ರೈತರಿಗೆ ಈ ಮಾತು ಹೇಳಿ ನೋಡಿ. ಮುಂಗಾರಿಗೆ ತೊಗರಿ, ಉದ್ದು, ಹೆಸರು ಬಿತ್ತುವಾಗ ಮನೆಯ ರಿಪೇರಿ ನಿಲ್ಲುತ್ತದೆ. ಹಿಂಗಾರಿಗೆ ಜೋಳ, ಕಡಲೆ. ಎಳ್ಳ ಅಮಾವಾಸ್ಯೆಗೆ ಭಜ್ಜಿ ಹೊತ್ತು ಹೊಲಕ್ಕೆ ಹೋಗಿ ಬಂದ ಮೇಲೆ ತೊಗರಿಯ ರಾಶಿ. ಬೇಸಿಗೆಯಲ್ಲಿ ಶ್ಯಾವಿಗೆ, ಹಪ್ಪಳ, ಸಂಡಿಗೆ, ಮಳೆಗೆ ಮೊದಲು ಮಾಳಿಗೆಯ ದುರಸ್ತಿ. ಒಂದು ಕೆಲಸವನ್ನು ಬದಿಗಿಟ್ಟು ಇನ್ನೊಂದನ್ನು ಎತ್ತಿಕೊಳ್ಳುವುದೇ ಇಲ್ಲಿಯ ಬಾಳ್ವೆಯ ಕ್ರಮ. ಕೌದಿ ನಾಲ್ಕು ತಿಂಗಳು ಗೂಡಿನಲ್ಲಿದ್ದರೆ ಹುಳ ಹಿಡಿಯದಂತೆ ನೋಡಿಕೊಂಡರೆ ಸಾಕು, ಅಳಬೇಕಾಗಿಲ್ಲ. ಒಬ್ಬರ ಆಯುಷ್ಯದಲ್ಲಿ ಮುಗಿಯದ್ದನ್ನು ಇನ್ನೊಬ್ಬರು ಎತ್ತಿಕೊಳ್ಳುವುದೂ ನಮ್ಮ ಪರಂಪರೆಯೇ. 15ನೇ ಶತಮಾನದಲ್ಲಿ ಶಿವಗಣಪ್ರಸಾದಿ ಮಹಾದೇವಯ್ಯ ಶೂನ್ಯಸಂಪಾದನೆಯನ್ನು ಸಂಕಲಿಸಿದ. ಅವನ ನಂತರ ಹಲಗೆಯಾರ್ಯ, ಗುಮ್ಮಳಾಪುರದ ಸಿದ್ಧಲಿಂಗ, ಗೂಳೂರು ಸಿದ್ಧವೀರಣಾರ್ಯರು ಅದನ್ನು ತಿದ್ದಿ ಬೆಳೆಸಿದರು. ನಾಲ್ಕು ಕೈಗಳಲ್ಲಿ ಹಾದುಬಂದ ಆ ಕೃತಿಯಲ್ಲಿ ಸೋತವರು ಯಾರು?

ಒಂದು ಆಕ್ಷೇಪಕ್ಕೆ ಉತ್ತರ ಹೇಳಲೇಬೇಕು. ಏರ್ಪಾಡು ಮಾಡಿಕೊಳ್ಳುವುದಕ್ಕೂ ಮನಸ್ಸು ಬೇಕಲ್ಲವೇ ಎಂದು ಕೇಳುವವರಿದ್ದಾರೆ. ಬೇಕು. ಆದರೆ ದಿನದಿನವೂ ಬೆಳಗಾಗೆದ್ದು ಹೊಸದಾಗಿ ಉತ್ಸಾಹ ಹುಟ್ಟಿಸಿಕೊಳ್ಳುವುದು ಬೇರೆ, ಒಮ್ಮೆ ಕೂತು ಮನೆಯ ಮಂದಿಯೆಲ್ಲ ಕೆಲಸ ಹಂಚಿಕೊಳ್ಳುವುದು ಬೇರೆ. ಮೊದಲನೆಯದು ಒಬ್ಬರ ಜೀವ ಹಿಂಡುತ್ತದೆ. ಎರಡನೆಯದು ಗಂಡ, ಅತ್ತೆ, ಮಕ್ಕಳು, ನೆರೆಯವರು, ಊರಿನ ಸಂಸ್ಥೆಗಳು ಎಲ್ಲರ ಮನಸ್ಸನ್ನು ಕೇಳುತ್ತದೆ. ಗಾದೆಯನ್ನು ತಿರುಗಿಸಿ ನಿಲ್ಲಿಸುವ ಹೊತ್ತು ಬಂದಿದೆ: ಮಾರ್ಗವಿದ್ದರೆ ಮನಸ್ಸು. ಕಳೆದ ವಾರ ಓದಿದ ಪ್ರಸಂಗದ ಬಗ್ಗೆ ಒಬ್ಬರು ಪ್ರಶ್ನೆ ಕೇಳಿದರೆ ಈ ವಾರ ಬರೆಯಲು ಮನಸ್ಸು ತಾನಾಗಿ ಏಳುತ್ತದೆ.

ಆದ್ದರಿಂದ ಬಸವಕಲ್ಯಾಣ, ಹುಮನಾಬಾದಿನ ಸಭಿಕರಿಗೂ ಸಂಘಟಕರಿಗೂ ನನ್ನ ಬೇಡಿಕೆ ನೇರವಾಗಿದೆ. ಪ್ರೇರಣಾ ಭಾಷಣಗಳಿಗೆ ಖರ್ಚು ಮಾಡುವ ಹಣದಲ್ಲಿ ತಾಲ್ಲೂಕಿನ ಗ್ರಂಥಾಲಯಗಳ ಒಂದು ಕೋಣೆಯನ್ನು ಸಂಜೆ ತೆರೆದಿಡಿ. ಮಕ್ಕಳನ್ನು ನೋಡಿಕೊಳ್ಳುವವರೊಬ್ಬರು ಅಲ್ಲಿರಲಿ, ಬರೆಯುವ, ಹೊಲಿಯುವ, ಹಾಡು ಬರೆದಿಡುವ ಹೆಂಗಸರು ಬಂದು ಕೂರಲಿ. ವಾರಕ್ಕೊಂದು ಸಂಜೆ ಮುಗಿಯದ ಕೃತಿಗಳನ್ನೇ ಓದುವ, ತೋರಿಸುವ ಕೂಟ ನಡೆಯಲಿ. ಮುಗಿದ ಪುಸ್ತಕಕ್ಕೆ ಹಾರ ಹಾಕುವ ಸಮಾರಂಭಗಳು ಬೇಕಾದಷ್ಟಿವೆ, ಮುಗಿಯದ್ದನ್ನು ಕೇಳುವ ಕಿವಿಗಳು ಬೇಕು. ಹೊಸ ಅನುಭವ ಮಂಟಪದಲ್ಲಿ ಇಂಥ ಕೂಟಕ್ಕೆ ಕಾಯಂ ಜಾಗ ಮೀಸಲಾಗದಿದ್ದರೆ ಆ ಹೆಸರಿಗೆ ಅದು ಸಲ್ಲುವುದಿಲ್ಲ. ಶರಣರ ಹೆಸರಿನಲ್ಲಿ ಮಾತನಾಡುವ ಗಂಡಸರು ಮೊದಲು ತಮ್ಮ ಮನೆಯ 299 ನಿಮಿಷಗಳಲ್ಲಿ ಅರ್ಧವನ್ನು ಹೊತ್ತುಕೊಳ್ಳಲಿ, ಆಮೇಲೆ ವೇದಿಕೆ ಹತ್ತಲಿ. ಆ ಶಿಕ್ಷಕಿಗೆ, ಆ ಗುಮಾಸ್ತರಿಗೆ, ಕೌದಿ ಸುತ್ತಿಟ್ಟ ಆ ಅವ್ವನಿಗೆ ಮನಸ್ಸು ಮೊದಲಿನಿಂದಲೂ ಇದೆ. ಇಲ್ಲದಿದ್ದರೆ ಅಷ್ಟು ದಣಿವಿನಲ್ಲಿ ಅವರು ಆ ಕೆಲಸ ಆರಂಭಿಸುತ್ತಲೇ ಇರಲಿಲ್ಲ. ಅವರ ಮನಸ್ಸನ್ನು ಪರೀಕ್ಷಿಸುವುದನ್ನು ಇಂದಿಗೆ ನಿಲ್ಲಿಸಿ, ಅವರಿಗೆ ಸಲ್ಲಬೇಕಾದ ಹೊತ್ತು, ಜಾಗ, ಜೊತೆಗಳನ್ನು ಕೊಡುವ ಕೆಲಸಕ್ಕೆ ಊರು ಕೈಹಾಕಬೇಕು.